ಕಾರಿನ ಬಾಗಿಲಲ್ಲಿ ಗಾಳಿ ಸುಯ್ಯೆಂದರೆ ಮೊದಲು ಹಿಂಜ್ ನೋಡಿ

ಊರೊಳಗೆ ಓಡಿಸುವಾಗ ಏನೂ ಇರುವುದಿಲ್ಲ. ಹೆದ್ದಾರಿಯಲ್ಲಿ 80 ದಾಟಿತೋ, ಬಲಗಿವಿಯ ಪಕ್ಕದಲ್ಲೇ ಸುಯ್ ಅಂತ ಶುರು. ಹಳೆಯ ಕಾರುಗಳಲ್ಲಿ ಇದು ಹೆಚ್ಚಾಗಿ ಡ್ರೈವರ್ ಬಾಗಿಲಿನದೇ ಕಾಯಿಲೆ. ದಿನಕ್ಕೆ ಅತಿ ಹೆಚ್ಚು ಸಲ ತೆಗೆದು ಹಾಕುವುದು ಅದನ್ನೇ, ಇಳಿಯುವಾಗ ಕೈಯೂರಿ ಭಾರ ಬಿಡುವುದೂ ಅದರ ಮೇಲೆಯೇ. ಗ್ಯಾರೇಜಿಗೆ ಒಯ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ: ಸ್ಟ್ರೈಕರನ್ನು (ಕಂಬದ ಮೇಲಿನ, ಬಾಗಿಲಿನ ಲಾಕ್ ಕಚ್ಚಿಕೊಳ್ಳುವ ಕೊಕ್ಕೆಯನ್ನು) ಒಳಕ್ಕೆ ತಳ್ಳುತ್ತಾರೆ, ಇಲ್ಲವೇ ಬಾಗಿಲಿನ ಸುತ್ತಲ ಹಳೇ ರಬ್ಬರ್ ಬೀಡಿಂಗ್ ಮೇಲೆ ಇನ್ನೊಂದು ರಬ್ಬರ್ ಪಟ್ಟಿ ಅಂಟಿಸುತ್ತಾರೆ. ಸ್ವಲ್ಪ ದಿನ ಸದ್ದು ಅಡಗಬಹುದು. ಆದರೆ ಬಾಗಿಲು ಜೋತುಬಿದ್ದಿದ್ದರೆ ದೋಷ ಇರುವುದು ಹಿಂಜಿನ, ಅಂದರೆ ಬಾಗಿಲು ತಿರುಗುವ ಕೀಲಿನ, ಕಡೆ. ಸ್ಟ್ರೈಕರ್‌ನ ಸರದಿ ಕೊನೆಯದು.

ವೇಗಕ್ಕೆ ತಕ್ಕಂತೆ ಸದ್ದು ಏರುವುದಕ್ಕೆ ಕಾರಣವಿದೆ. ಓಡುವ ಕಾರಿನ ಕಿಟಕಿಯ ಹೊರಮೈ ಬಳಿ ಗಾಳಿಯ ಒತ್ತಡ ಕುಸಿಯುತ್ತದೆ, ಒಳಗಿನ ಒತ್ತಡ ಕಿಟಕಿಯ ಚೌಕಟ್ಟನ್ನು ಹೊರಕ್ಕೆ ನೂಕುತ್ತದೆ. ನಿಂತಾಗ ರಬ್ಬರಿಗೆ ಕೂದಲೆಳೆಯಷ್ಟೇ ತಾಗಿಕೊಂಡಿದ್ದ ಮೇಲಂಚು 90ರ ವೇಗದಲ್ಲಿ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಮನೆ ಮುಂದೆ ನಿಲ್ಲಿಸಿ ನೋಡಿ "ಎಲ್ಲ ಸರಿ ಇದೆ" ಅನ್ನುವ ತೀರ್ಮಾನ ನಂಬುವಂಥದ್ದಲ್ಲ.

ಪಾನಾ ಹಿಡಿಯುವ ಮೊದಲು ಸದ್ದು ಎಲ್ಲಿಂದ ಅನ್ನುವುದು ಖಚಿತವಾಗಬೇಕು. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಒಂದು ಸುರುಳಿ ತನ್ನಿ. ಬಾಗಿಲಿನ ಸುತ್ತಲ ಸಂದು, ಕನ್ನಡಿಯ ಬುಡ, ಗಾಜು ಹಾಗೂ ಚೌಕಟ್ಟು ಸೇರುವ ಅಂಚು, ಎಲ್ಲಕ್ಕೂ ಹೊರಗಿನಿಂದ ಟೇಪ್ ಅಂಟಿಸಿ ಒಂದು ಸುತ್ತು ಹೋಗಿಬನ್ನಿ. ಆ ದಿನ ಓಡಿಸುವವರು ಎಡಬದಿಯ ಬಾಗಿಲಿಂದ ಹತ್ತಬೇಕಾಗುತ್ತದೆ, ಅಷ್ಟೇ. ಸದ್ದು ನಿಂತಿದ್ದರೆ ಒಂದೊಂದೇ ಭಾಗದ ಟೇಪ್ ಕಿತ್ತು ಮತ್ತೆ ಓಡಿಸಿ. ಯಾವುದನ್ನು ಕಿತ್ತಾಗ ಸದ್ದು ಮರಳಿತೋ ಅಲ್ಲೇ ತೂತು. ಎಷ್ಟೋ ಸಲ ತಪ್ಪಿತಸ್ಥ ಬಾಗಿಲೇ ಅಲ್ಲ, ಮಳೆಗೆಂದು ಹಾಕಿಸಿದ ಡೋರ್ ವೈಸರ್! ಅದನ್ನು ತೆಗೆದರೆ ಕೆಲಸ ಮುಗಿಯಿತು.

ಬಾಗಿಲೇ ಎಂದಾದರೆ ನೋಟಿನ ಪರೀಕ್ಷೆ. ಹತ್ತು ರೂಪಾಯಿ ನೋಟನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ, ತಡೆದು ತಡೆದು ಬರಬೇಕು. ಸುತ್ತಲೂ ಗೇಣಿಗೊಂದು ಕಡೆ ಹೀಗೆ ಎಳೆದು, ಸಲೀಸಾಗಿ ಜಾರಿದ ಜಾಗಕ್ಕೆ ಟೇಪ್ ಚೂರು ಅಂಟಿಸಿ ಗುರುತು ಮಾಡಿ. ಬಾಗಿಲಿನ ಹಿಂದಿನ ಮೇಲ್ಮೂಲೆ ಮಾತ್ರ ಸಡಿಲವಿದ್ದರೆ ಚೌಕಟ್ಟು ಹೊರಕ್ಕೆ ವಾಲಿದೆ ಅಥವಾ ಬಾಗಿಲು ತಿರುಚಿದೆ. ಸುತ್ತಲೂ ಒಂದೇ ಸಮ ಸಡಿಲವಿದ್ದರೆ ಬೀಡಿಂಗ್ ಸತ್ತಿದೆ.

ಈಗ ಹಿಂಜ್. ಬಾಗಿಲನ್ನು ಅರ್ಧ ತೆರೆದು ತುದಿಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಇನ್ನೊಬ್ಬರು ಹಿಂಜ್ ಮೇಲೆ ಬೆರಳಿಟ್ಟಿರಲಿ. ಹಿಂಜಿನ ಎರಡು ಎಲೆಗಳ ನಡುವೆ ಆಟ ಕಂಡರೆ ಪಿನ್ ಮತ್ತು ಬುಷ್ ಸವೆದಿವೆ. ಬೋಲ್ಟ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಪಿನ್-ಬುಷ್ ಸೆಟ್ ಅಥವಾ ಹಿಂಜನ್ನೇ ಬದಲಿಸಬೇಕು. ಹಿಂಜ್ ಇಡಿಯಾಗಿ ಅಲುಗಿದರೆ ಬೋಲ್ಟ್ ಸಡಿಲ. ಹಿಂಜ್ ಕೂತಿರುವ ಕಂಬದ ತಗಡೇ ಮಿಸುಕಿದರೆ ಅಲ್ಲಿ ಬಿರುಕಿದೆ, ಅದು ವೆಲ್ಡಿಂಗ್ ಕೆಲಸ. ಬಾಗಿಲು ಹಾಕುವ ಕೊನೆಯ ಕ್ಷಣದಲ್ಲಿ ತಟಕ್ಕನೆ ಮೇಲೆ ಜಿಗಿಯುತ್ತದೆಯೇ? ಹಾಗಿದ್ದರೆ ಜೋತುಬಿದ್ದ ಬಾಗಿಲನ್ನು ಸ್ಟ್ರೈಕರ್ ಹೊತ್ತುಕೊಂಡಿದೆ. ಅದರ ಮೇಲಿನ ಸವೆತದ ಗೆರೆಗಳೇ ಸಾಕ್ಷಿ.

ಹೊಂದಿಸುವ ಮುಂಚೆ ಸ್ಟ್ರೈಕರ್ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆದು ಅದನ್ನು ಪೂರ್ತಿ ಬಿಚ್ಚಿಡಿ. ಆಗಷ್ಟೇ ಬಾಗಿಲು ತನ್ನ ನಿಜವಾದ ಜಾಗದಲ್ಲಿ ತೂಗುತ್ತದೆ. ಹಿಂಜ್ ಸುತ್ತಲೂ ಗೆರೆ ಬೇಕು. ಬಾಗಿಲಿನ ಕೆಳಗೆ ಜಾಕ್, ಅದರ ಮೇಲೆ ಹಲಗೆ, ಹಲಗೆಗೆ ಹಳೇ ಬಟ್ಟೆ. ಬೋಲ್ಟುಗಳ ತಲೆ ಸಾಮಾನ್ಯವಾಗಿ 10, 12 ಅಥವಾ 13 ಎಂಎಂ. ಎಲ್ಲವನ್ನೂ ಒಮ್ಮೆಗೇ ಬಿಚ್ಚಬೇಡಿ, ಹೊಂದಿಸಬೇಕಾದ ಹಿಂಜಿನ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿದರೆ ಸಾಕು. ಹಲವು ಕಾರುಗಳಲ್ಲಿ ಕಂಬದ ಕಡೆಯ ಬೋಲ್ಟುಗಳು ಬಾಗಿಲನ್ನು ಮೇಲೆ-ಕೆಳಗೆ, ಹಿಂದೆ-ಮುಂದೆ ಸರಿಸುತ್ತವೆ. ಬಾಗಿಲ ಕಡೆಯವು ಒಳಗೆ-ಹೊರಗೆ. ಕೆಲವು ಕಾರುಗಳಲ್ಲಿ ಕಂಬದ ಕಡೆ ವೆಲ್ಡ್ ಆಗಿರುತ್ತದೆ, ಆಗ ಬಾಗಿಲ ಕಡೆಯದಷ್ಟೇ ಗತಿ.

ಹಿಂತುದಿ ಇಳಿದಿದ್ದರೆ ಮೇಲಿನ ಹಿಂಜನ್ನು ಮುಂದಕ್ಕೆ ಸರಿಸಿ, ಅಥವಾ ಕೆಳಗಿನ ಹಿಂಜಿಗೆ ತೆಳು ಶಿಮ್ (ಅಡಿಗೆ ಇಡುವ ತಗಡಿನ ಚೂರು) ಕೊಟ್ಟು ಹಿಂದಕ್ಕೆ ತನ್ನಿ. ಇಲ್ಲಿ ಕೈ ಹಗುರವಿರಲಿ. ಹಿಂಜುಗಳ ನಡುವಿನ ಅಂತರ 40 ಸೆಂ.ಮೀ., ಬಾಗಿಲಿನ ಉದ್ದ ಒಂದು ಮೀಟರ್ ಅಂದುಕೊಂಡರೆ, ಹಿಂಜಿನಲ್ಲಿ 1 ಮಿ.ಮೀ. ಸರಿಸಿದ್ದು ತುದಿಯಲ್ಲಿ ಎರಡೂವರೆ ಮಿ.ಮೀ. ಆಗುತ್ತದೆ. ಹಿಂದಿನ ಮೇಲ್ಮೂಲೆ ಮಾತ್ರ ಹೊರಗಿದ್ದರೆ ಅದರ ಎದುರು ಮೂಲೆಯನ್ನು, ಅಂದರೆ ಕೆಳಗಿನ ಹಿಂಜನ್ನು, ಒಂದಿಷ್ಟು ಹೊರಕ್ಕೆ ತನ್ನಿ. ಹಿಂದಂಚು ಲಾಕಿನಲ್ಲಿ ಸಿಕ್ಕಿಕೊಂಡಾಗ ಬಾಗಿಲು ಅಲ್ಲೇ ತಿರುಗಿ ಮೇಲ್ಮೂಲೆ ಒಳಗೆ ಬರುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಚೌಕಟ್ಟನ್ನೇ ಬಗ್ಗಿಸುವುದುಂಟು. ಗಾಜನ್ನು ಪೂರ್ತಿ ಇಳಿಸಿ, ಲಾಕಿನ ಹತ್ತಿರ ಬಾಗಿಲು ಮತ್ತು ಕಂಬದ ನಡುವೆ ಬಟ್ಟೆ ಸುತ್ತಿದ ಮರದ ತುಂಡು ಇಟ್ಟು, ಚೌಕಟ್ಟಿನ ಮೇಲ್ಭಾಗವನ್ನು ಅಂಗೈಯಿಂದ ಒಳಕ್ಕೆ ಒತ್ತಿ. ಜರ್ಕ್ ಕೊಡಬೇಡಿ. ಒತ್ತಿ, ತುಂಡು ತೆಗೆದು, ನೋಟಿನ ಪರೀಕ್ಷೆ ಮಾಡಿ, ಮತ್ತೆ ಒತ್ತಿ. ಒರಟಾಗಿ ಮಾಡಿದರೆ ಚೌಕಟ್ಟಿನ ಬುಡದಲ್ಲಿ ಪೇಂಟ್ ಬಿರಿಯುತ್ತದೆ, ಗಾಜು ಏರುವಾಗ ಬಿಗಿಯುತ್ತದೆ.

ಸಂದು ಮೇಲಿಂದ ಕೆಳಗಿನವರೆಗೆ ಸಮನಾಗಿರಬೇಕು. ಸರಿಯಿರುವ ಇನ್ನೊಂದು ಬದಿಯ ಬಾಗಿಲೇ ಅದಕ್ಕೆ ಅಳತೆಗೋಲು. ಮುಂಬಾಗಿಲಿನ ಮುಂದಂಚು ಫೆಂಡರ್‌ಗಿಂತ (ಮುಂಚಕ್ರದ ಮೇಲಿನ ತಗಡಿಗಿಂತ) ಎಂದೂ ಹೊರಗೆ ಚಾಚಿರಬಾರದು. ಸಮ ಇರಲಿ, ಇಲ್ಲವೇ ಕೂದಲೆಳೆಯಷ್ಟು ಒಳಗಿರಲಿ. ಹೊರಚಾಚಿದ ಅಂಚಿಗೆ ಗಾಳಿ ನೇರ ಬಡಿದರೆ ಎಷ್ಟೇ ಒಳ್ಳೆಯ ಬೀಡಿಂಗ್ ಇದ್ದರೂ ಸದ್ದು ತಪ್ಪದು.

ಇದಾದ ಮೇಲೆ ಸ್ಟ್ರೈಕರನ್ನು ಗುರುತಿನ ಮೇಲೆಯೇ ಕೂರಿಸಿ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಸರಿಯುವಷ್ಟು ಮಾತ್ರ ಬಿಗಿ ಮಾಡಿ. ಲಾಕಿನ ಬಾಯಿ ನಟ್ಟನಡುವೆ ಬರುವಂತೆ ಎತ್ತರ ಹೊಂದಿಸಿ, ಆಮೇಲೆ ಒಳ-ಹೊರಗೆ 1 ಮಿ.ಮೀ. ಲೆಕ್ಕದಲ್ಲಿ. ಹಾಕಿದಾಗ ಎರಡು ಕ್ಲಿಕ್ ಕೇಳಬೇಕು. ಅತಿಯಾಗಿ ಒಳಗೆ ತಳ್ಳಿದರೆ ಬಾಗಿಲು ಮೊದಲ ಕ್ಲಿಕ್ಕಿಗೇ ನಿಂತು, ಮುಚ್ಚಿದಂತೆ ಕಂಡರೂ ಪೂರ್ತಿ ಲಾಕ್ ಆಗಿರುವುದಿಲ್ಲ. ಇದು ಅಪಾಯ. ಸ್ಟ್ರೈಕರ್‌ನ ಸ್ಕ್ರೂಗಳು ಸಾಮಾನ್ಯವಾಗಿ ಟಾರ್ಕ್ಸ್ ಅಥವಾ ದಪ್ಪ ಸ್ಟಾರ್ ತಲೆಯವು, ಕಚ್ಚಿಕೊಂಡಿರುತ್ತವೆ. ಇಂಪ್ಯಾಕ್ಟ್ ಡ್ರೈವರ್ (ಬಡಿತದ ಬಲದಿಂದ ತಿರುಗಿಸುವ ಸ್ಕ್ರೂಡ್ರೈವರ್) ಇಲ್ಲದೆ ಹೋದರೆ ತಲೆ ಸವೆಯುವುದೇ ಹೆಚ್ಚು.

ಬೀಡಿಂಗ್ ಬದಲಿಸುವುದಿದ್ದರೆ ಅದೇ ಮಾಡೆಲ್‌ನದ್ದನ್ನೇ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಮೀಟರ್ ಲೆಕ್ಕದಲ್ಲೂ ಸಿಗುತ್ತದೆ, ಹಳೆಯ ತುಂಡು ಕೈಯಲ್ಲಿ ಹಿಡಿದೇ ಹೋಗಿ. ಜಾಯಿಂಟ್ ಕೆಳಗಡೆ ಬರಲಿ. ಮೂಲೆಗಳಲ್ಲಿ ಎಳೆದು ಕೂರಿಸಬೇಡಿ, ಎಳೆದದ್ದು ತೆಳ್ಳಗಾಗಿ ಅಲ್ಲೇ ಸೋರುತ್ತದೆ. ಒಂದು ಸೆಂ.ಮೀ. ಹೆಚ್ಚಾಗಿಯೇ ಕತ್ತರಿಸಿ ಒತ್ತಿ ಕೂರಿಸಿ. ಹೊಸತರಲ್ಲಿ ಬಾಗಿಲು ಗಟ್ಟಿ ಅನಿಸುತ್ತದೆ; ಅದಕ್ಕೆಂದು ಸ್ಟ್ರೈಕರ್ ಹೊರಗೆಳೆದರೆ ಮಾಡಿದ್ದೆಲ್ಲ ನೀರುಪಾಲು. ಸಿಲಿಕೋನ್ ಸ್ಪ್ರೇ ಹಚ್ಚಿ ಕೆಲವು ವಾರ ಕಾಯಿರಿ. ಗ್ರೀಸ್, ಎಂಜಿನ್ ಆಯಿಲ್ ಬೇಡವೇ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಡಿಕ್ಕಿಯಾದ ಕಾರಾದರೆ ಇದಕ್ಕೆಲ್ಲ ಮುಂಚೆ ಬಾಗಿಲಿನ ತೆರವನ್ನು ಮೂಲೆಯಿಂದ ಮೂಲೆಗೆ ಅಳತೆ ಟೇಪಿನಲ್ಲಿ ಅಳೆದು ಇನ್ನೊಂದು ಬದಿಯದಕ್ಕೆ ಹೋಲಿಸಿ. ಎರಡರ ನಡುವೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿದ್ದರೆ ಕಂಬವೇ ಸರಿದಿದೆ. ಅದನ್ನು ಎಳೆದು ಸರಿಮಾಡುವ ಬೆಂಚ್ ಇರುವ ಬಾಡಿ ಶಾಪಿಗೇ ಒಯ್ಯಬೇಕು.