ತಾರಿಯಲ್ಲಿ ಟಿಪ್ಸ್ ಕೊಡಬಹುದೇ?

ಶಿರಸಿಯಿಂದ ದೇವಿಮನೆ ಘಟ್ಟವಿಳಿದು ಕುಮಟಾ ಸೇರಿದ್ದು, ಗೋಕರ್ಣದ ಓಂ ಕಡಲತೀರದ ಜನಜಂಗುಳಿಗೆ ಬೇಸತ್ತು ಬೇಗನೆ ಹೊರಟದ್ದು, ಇವೆಲ್ಲ ಯಾರು ಬೇಕಾದರೂ ಬರೆಯಬಹುದಾದ ಸಂಗತಿಗಳು. ನಾನು ಬರೆಯಲು ಕುಳಿತದ್ದು ತದಡಿಯಿಂದ ಅಘನಾಶಿನಿಗೆ ಹೊಳೆ ದಾಟಿಸುವ ತಾರಿಯಲ್ಲಿ ಕೇಳಿದ ಮಾತಿಗಾಗಿ.

ನಮ್ಮೊಡನಿದ್ದ ವಿದೇಶಿ ದಂಪತಿ ನೂರರ ನೋಟು ಕೊಟ್ಟು, ಚಿಲ್ಲರೆ ಬೇಡವೆಂದು ಸನ್ನೆ ಮಾಡಿದರು. ದೋಣಿಯವನು ಒಪ್ಪಲಿಲ್ಲ, ಮೀನುಬುಟ್ಟಿಯ ಹೆಂಗಸರು ಕೊಟ್ಟಿದ್ದ ನಾಣ್ಯಗಳನ್ನೆಲ್ಲ ಒಟ್ಟುಗೂಡಿಸಿ, ದರ ಕಳೆದು ಉಳಿದದ್ದನ್ನು ಅವರ ಕೈಗೆ ಎಣಿಸಿಕೊಟ್ಟನು. ಅವರ ಮುಖ ಸಣ್ಣದಾಯಿತು. ನನಗೂ ಅದು ಸ್ವಲ್ಪ ಬಿಗುಮಾನವೆಂದೇ ತೋರಿತು.

ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಸರಕು ಹಡಗುಗಳಲ್ಲಿ ಅಡುಗೆಯವರಾಗಿ ದುಡಿದು ನಿವೃತ್ತರಾದವರು. "ಜಪಾನಿನಲ್ಲೂ ಹೀಗೇ ತಂಗಿ. ಕೋಬೆ ಬಂದರಿನಲ್ಲಿ ಉಂಡೆದ್ದು ಮೇಜಿನ ಮೇಲೆ ಚಿಲ್ಲರೆ ಬಿಟ್ಟರೆ, ಮರೆತು ಹೋದಿರಿ ಎಂದು ಬೀದಿಯವರೆಗೆ ತಂದುಕೊಡುತ್ತಿದ್ದರು. ಅಮೆರಿಕದಲ್ಲಿ ಕೊಡದೆ ಏಳುವ ಹಾಗಿಲ್ಲ" ಎಂದರು. ಕಾರಣವಿದೆ: ಅಲ್ಲಿನ ಕೇಂದ್ರ ಕಾನೂನು ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕನು ಗಂಟೆಗೆ 2.13 ಡಾಲರ್ ಕೊಟ್ಟರೂ ಸಾಕೆನ್ನುತ್ತದೆ, 1991ರಿಂದ ಆ ಮೊತ್ತ ಬದಲಾಗಿಲ್ಲ. ಹೆಚ್ಚು ಕೊಡಲೇಬೇಕೆನ್ನುವ ಕ್ಯಾಲಿಫೋರ್ನಿಯಾದಂತಹ ರಾಜ್ಯಗಳೂ ಇವೆಯೆನ್ನಿ.

"ಸಂತೋಷದಿಂದ ಕೊಟ್ಟದ್ದನ್ನು ತೆಗೆದುಕೊಂಡರೆ ನಷ್ಟವೇನು?" ಎಂದು ಕೇಳಿದೆ.

"ಕೊಟ್ಟವರಿಗೆ ನಷ್ಟವಿಲ್ಲ. ನಾಳೆ ಇವನು ಹತ್ತುವವರ ಕೈ ನೋಡಲು ಕಲಿತರೆ, ದಿನಾ ಹೊಳೆ ದಾಟುವ ಈ ಹೆಂಗಸರನ್ನು ಯಾರು ಮೊದಲು ಹತ್ತಿಸಿಕೊಳ್ಳುತ್ತಾರೆ?"

ಕೊಡುವವರ ಔದಾರ್ಯ, ಪಡೆಯುವವರ ಸ್ವಾಭಿಮಾನ ಇವೆರಡರ ಬಗ್ಗೆಯೇ ಅಲ್ಲಿಯವರೆಗೆ ಯೋಚಿಸಿದ್ದ ನನಗೆ ಈ ಮೂರನೆಯವರು ಹೊಳೆದಿರಲಿಲ್ಲ. ಪದ್ಧತಿಯಿಲ್ಲದ ಊರಿನಲ್ಲಿ ಪ್ರವಾಸಿ ಕೊಡುವ ಹೆಚ್ಚುವರಿ ಹಣದ ಹೊರೆ ಕೊನೆಗೆ ಸ್ಥಳೀಯರ ಮೇಲೆಯೇ ಬೀಳುವುದಾದರೆ, ಕೊಡದಿರುವುದೇ ಸರಿ. ಆದರೆ ಜಪಾನಿನ ಸಾಂಪ್ರದಾಯಿಕ ವಸತಿಗೃಹಗಳಲ್ಲಿ ತಮ್ಮನ್ನು ನೋಡಿಕೊಳ್ಳುವ ಸೇವಕಿಗೆ ಕೆಲವರು ಬಂದೊಡನೆಯೇ ಲಕೋಟೆಯಲ್ಲಿಟ್ಟು ಹಣ ಕೊಡುವುದುಂಟು. ಅದು ಅಲ್ಲಿನವರದೇ ರೂಢಿಯಾದ್ದರಿಂದ ಹಿರಿಯರ ಮಾತನ್ನು ಅದಕ್ಕೂ ಅನ್ವಯಿಸಲು ನಾನು ಒಪ್ಪುವುದಿಲ್ಲ.

ಕಾರವಾರದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಮೀನೂಟ ರುಚಿಯಾಗಿತ್ತು, ಬಿಲ್ಲಿನಲ್ಲಿ ಮಾತ್ರ ಕೇಳದೆಯೇ ಸೇವಾ ಶುಲ್ಕ ಸೇರಿತ್ತು. ಹೋಟೆಲುಗಳು ಹೀಗೆ ತಾವಾಗಿಯೇ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿಯೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಪ್ರವಾಸಿಗರು ಹಣ ಕೊಡುವ ಮೊದಲು ಬಿಲ್ಲಿನ ಕೊನೆಯ ಸಾಲುಗಳನ್ನು ಓದುವುದು ಒಳ್ಳೆಯದು. ಗಲ್ಲೆಯಲ್ಲಿದ್ದವರೊಡನೆ ವಾದಿಸಿ ಆ ಶುಲ್ಕವನ್ನು ತೆಗೆಸಿದೆ. ನಮ್ಮ ಹೋಟೆಲುಗಳಲ್ಲಿ ಟಿಪ್ಸ್ ರೂಢಿಯಲ್ಲಿರುವುದರಿಂದ, ಅಷ್ಟೇ ಹಣವನ್ನು ಬಡಿಸಿದ ಹುಡುಗನ ಕೈಗೆ ನೇರವಾಗಿ ಕೊಟ್ಟು ಹೊರಬಂದೆ.