ದೆಹಲಿಯ ಮಷಿನ್ನು, ಬಳ್ಳಾರಿಯ ತಕರಾರು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಜೆರಾಕ್ಸು, ಪಹಣಿ, ಪಿಂಚಣಿ ಅರ್ಜಿ, ಇಂಥವು. ಸುತ್ತಮುತ್ತ ಜೀನ್ಸ್ ಹೊಲಿಯುವ ಮನೆಗಳೇ ಜಾಸ್ತಿ. ಪೀಸಿಗೆ ಇಷ್ಟು ಅಂತ ಜಾಬ್ ವರ್ಕ್ ತಂದು ಮನೆಯಲ್ಲೇ ಹೊಲಿಯುತ್ತಾರೆ. ಹಾಗೆ ಹೊಲಿಯುವ ಪಕ್ಕದ ಓಣಿಯ ಅಕ್ಕ ಒಂದು ಮಧ್ಯಾಹ್ನ ಸಿಟ್ಟಿನಲ್ಲೇ ಒಳಗೆ ಬಂದರು.

"ನೋಡು ತಮ್ಮಾ, ನಾನು ಗ್ರಾಹಕಳೇ ಅಲ್ಲಂತೆ!"

ಆಪ್‌ನಲ್ಲಿ ಪವರ್ ಮಷಿನ್ ತರಿಸಿದ್ದರು. ಸಾಲ ಮಾಡಿ ತಂದಿದ್ದು. ಜೀನ್ಸಿನ ದಪ್ಪ ಜಾಗ ಬಂದರೆ ಹೊಲಿಗೆ ಬಿಟ್ಟುಬಿಟ್ಟು ಹೋಗುತ್ತಿತ್ತು, ಮೋಟರ್ ಮುಟ್ಟೋಕಾಗದಷ್ಟು ಬಿಸಿ. ವಾಪಸ್ ತಗೊಳ್ಳಿ ಅಂದರೆ ಆಪ್‌ನ ಚಾಟ್ ಒಂದೇ ಉತ್ತರವನ್ನು ಮತ್ತೆ ಮತ್ತೆ ಕೊಡುತ್ತಿತ್ತು. ಕೊನೆಗೆ ಮಾರಿದವನ ಇಮೇಲ್ ಬಂತು. ನೀವು ವ್ಯಾಪಾರಕ್ಕೆ ಕೊಂಡಿದ್ದೀರಿ, ಗ್ರಾಹಕ ಕಾಯ್ದೆ ನಿಮಗಿಲ್ಲ ಅಂತ. ಬಿಲ್ಲಿನ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲು: ತಕರಾರಿದ್ದರೆ ದೆಹಲಿ ಕೋರ್ಟಿಗೆ.

ಮೊದಲು ದೆಹಲಿ ವಿಷಯ. 1986ರ ಹಳೇ ಕಾಯ್ದೆಯಲ್ಲಿ ಮಾರಿದವನು ಇರುವ ಕಡೆ, ಇಲ್ಲವೇ ತಕರಾರು ಹುಟ್ಟಿದ ಕಡೆ ದೂರು ಕೊಡಬೇಕಿತ್ತು. ಆನ್‌ಲೈನಲ್ಲಿ ಕೊಂಡಾಗ ತಕರಾರು ಹುಟ್ಟಿದ್ದು ಎಲ್ಲಿ ಅನ್ನೋದೇ ಒಂದು ವಾದವಾಗುತ್ತಿತ್ತು. 2019ರ ಕಾಯ್ದೆ ಬಂದ ಮೇಲೆ, ಅಂದರೆ 2020ರ ಜುಲೈನಿಂದ, ಕೊಂಡವರು ವಾಸ ಮಾಡುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಫೀಸೂ ಇಲ್ಲ. ನನ್ನ ಪ್ರಕಾರ ಹೊಸ ಕಾಯ್ದೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ. ರೈಲು ಹತ್ತಿ ದೆಹಲಿಗೆ ಹೋಗಿ ಯಾರು ಕೇಸು ನಡೆಸುತ್ತಾರೆ, ಹೇಳಿ?

ವ್ಯಾಪಾರದ ಮಾತು ಸ್ವಲ್ಪ ಸಿಕ್ಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ, ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡಿದ್ದು ವಾಣಿಜ್ಯವಲ್ಲ ಅಂತ ಕಾಯ್ದೆಯೇ ಬಿಡಿಸಿ ಹೇಳುತ್ತದೆ. ಮಷಿನ್ ನಡೆಸೋಕೆ ಒಬ್ಬಿಬ್ಬರ ಸಹಾಯ ಪಡೆದರೂ ಗ್ರಾಹಕರೇ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಕ್ಕ ತಾವೇ ಹೊಲಿಯುತ್ತಾರೆ, ಮಗಳು ದಾರ ಕತ್ತರಿಸಿ ಕೊಡುತ್ತಾಳೆ. ಅಷ್ಟೇ.

ಆದರೂ ನನಗೆ ಒಂದು ತಕರಾರಿದೆ. ನಾಳೆ ಅಕ್ಕ ಇನ್ನೂ ನಾಲ್ಕು ಮಷಿನ್ ಹಾಕಿ ಓಣಿಯ ಹೆಂಗಸರನ್ನು ಕೂಲಿಗೆ ಕೂರಿಸಿಕೊಂಡರೆ? ಅದೇ ಆಪ್, ಅದೇ ಕೆಟ್ಟ ಮಷಿನ್, ಆದರೆ ಅವರು ಗ್ರಾಹಕರಾಗಿ ಉಳಿಯುವುದು ಕಷ್ಟ. ಬಳ್ಳಾರಿಯ ಜೀನ್ಸ್ ಕೆಲಸದಲ್ಲಿ ಈ ಗೆರೆಯ ಮೇಲೇ ನಿಂತವರು ಎಷ್ಟೋ ಜನ. ಚಿಕ್ಕ ಘಟಕಗಳನ್ನೂ ಒಳಗೆ ಸೇರಿಸಿಕೊಳ್ಳುವ ತಿದ್ದುಪಡಿ ಬರಲೇಬೇಕು.

ಬಿಲ್ಲು ಪೂರ್ತಿ ನೋಡಿದೆ. ಅದರಲ್ಲಿ 499 ರೂಪಾಯಿಯ ಹೆಚ್ಚುವರಿ ವಾರಂಟಿ! ಅಕ್ಕ ಕೇಳಿಯೇ ಇರಲಿಲ್ಲ. ಹೀಗೆ ಹೇಳದೆ ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು 2023ರ ನವೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿರುವ ಹದಿಮೂರು ಕಳ್ಳದಾರಿಗಳಲ್ಲಿ ಒಂದು. ಮಾರಿದವನ ಹೆಸರಿತ್ತು, ವಿಳಾಸ ಅರ್ಧಂಬರ್ಧ. ಜಿಎಸ್‌ಟಿ ನಂಬರ್ 07ರಿಂದ ಶುರು, ಅಂದರೆ ದೆಹಲಿ. ಅಷ್ಟು ಹಿಡಿದುಕೊಂಡು ನೋಟಿಸ್ ಕಳಿಸೋಕಾಗುತ್ತಾ? 2020ರ ಇ-ಕಾಮರ್ಸ್ ನಿಯಮದ ಪ್ರಕಾರ, ಕೊಂಡವರು ಬರೆದು ಕೇಳಿದರೆ ಆಪ್‌ನವರು ಮಾರಿದವನ ಪೂರ್ತಿ ವಿಳಾಸ ಕೊಡಲೇಬೇಕು. ಅವರ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ಅಧಿಕಾರಿಯ ಇಮೇಲ್ ಆಪ್‌ನಲ್ಲಿ ಎಲ್ಲೋ ಮೂಲೆಯಲ್ಲಿತ್ತು. ಹುಡುಕೋಕೆ ಎರಡು ಚಹಾ ಮುಗಿದವು.

ಅಲ್ಲಿಗೂ ಬರೆದೆವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆವು, ಕನ್ನಡದಲ್ಲೇ ಮಾತಾಡಿದರು. ಆದರೆ ಆ ಸಹಾಯವಾಣಿ ಕಂಪನಿಗೆ ಹೇಳಿ ನೋಡಬಹುದು, ಆದೇಶ ಮಾಡುವಂತಿಲ್ಲ. ಮಾರಿದವನ ವಿಳಾಸ ಬಂತು. ವಾರಂಟಿ ದುಡ್ಡೂ ಸದ್ದಿಲ್ಲದೆ ಖಾತೆಗೆ ಬಿತ್ತು. ಮಷಿನ್ ಮಾತ್ರ ಅಲ್ಲೇ. ಆ ವಿಳಾಸಕ್ಕೆ ಕಳಿಸಿದ ನೋಟಿಸ್‌ಗೆ ಮಾರಿದವನು, ಮಷಿನ್ ಬೇಕಾದರೆ ತಗೊಳ್ತೀನಿ, ಸಾಗಣೆ ಖರ್ಚು ನಿಮ್ಮದೇ ಅಂದ.

"ಕೆಲಸ ನಿಂತ ದಿನಗಳ ಕೂಲಿ?" ಅಂತ ಅಕ್ಕ ಕೇಳಿದರು. ಸರಿಯಾದ ಪ್ರಶ್ನೆ. ಅದನ್ನು ಕೇಳೋಕೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬೇಕು.

ಆಯೋಗಕ್ಕೆ ಆನ್‌ಲೈನಲ್ಲಿ ದೂರು ಕೊಡುವ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು ಹಾಕಿದೆವು. ಬಿಲ್ಲು, ಚಾಟ್‌ನ ಸ್ಕ್ರೀನ್‌ಶಾಟ್, ಹೊಲಿಗೆ ಬಿಟ್ಟ ಪ್ಯಾಂಟಿನ ಫೋಟೊ, ಅಫಿಡವಿಟ್. ಮಾಲು ಕೊಟ್ಟ ಸೇಠು ವಾಪಸ್ ಕಳಿಸಿದ ಪೀಸುಗಳ ಚೀಟಿಯನ್ನೂ ಸೇರಿಸಿದೆವು. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅಷ್ಟು ಬೇಗ ಆಗುತ್ತೆ ಅಂತ ಅಕ್ಕನಿಗೆ ನಾನು ಮಾತು ಕೊಡಲಿಲ್ಲ. ವಿಡಿಯೊದಲ್ಲೂ ಹಾಜರಾಗೋಕೆ ಕೇಳಿಕೊಳ್ಳಬಹುದು ಅಂದೆ.

"ಯಾಕೆ ವಿಡಿಯೊ? ಕೋರ್ಟು ನಮ್ಮೂರಾಗೇ ಐತಲ್ಲ. ಮಷಿನ್ ಆಟೋದಾಗ ಹಾಕ್ಕೊಂಡು ಹೋಗಿ ಅವರ ಮುಂದೇ ಹೊಲಿದು ತೋರಿಸ್ತೀನಿ," ಅಂದರು ಅಕ್ಕ.