ಪುಟ್ಟಿಯ ಸ್ಕ್ಯಾನ್ ರಿಪೋರ್ಟು

14 ಜುಲೈ 2024, ಭಾನುವಾರ

ಮಧ್ಯಾಹ್ನದ ಮೇಲೆ ಅಕ್ಕ, ಪುಟ್ಟಿ ಬಂದಿದ್ದರು. ಅಕ್ಕ ಕಾಫಿಗೆ ಇಡಲು ಒಳಗೆ ಹೋಗಿದ್ದೇ ತಡ, ಪುಟ್ಟಿ ಸ್ಕ್ಯಾನ್ ಕವರನ್ನು ನನ್ನ ಕೈಗೆ ತುರುಕಿದಳು.

"ಚಿಕ್ಕಮ್ಮ, ನಂಗೂ ನಿನ್ ಥರಾನೇ ಪಿಸಿಓಡಿ ಅಂತೆ. ಮಕ್ಕಳಾಗಲ್ವಾ?"

ಪಿಸಿಓಡಿ, ಅಂದರೆ ಪಿಸಿಓಎಸ್: ಹಾರ್ಮೋನು ಏರುಪೇರಾಗಿ ಮುಟ್ಟು ಹಿಂದುಮುಂದಾಗುವ ತೊಂದರೆ. ಹದಿನೈದರ ಹುಡುಗಿ ಕೇಳುವ ಮಾತೇ ಇದು? ಸ್ಕ್ಯಾನ್ ಮಾಡಿದ ಕಡೆ ಯಾರೋ "ಬೇಗ ಮದುವೆ ಮಾಡ್ಬಿಡಿ, ಸರಿಹೋಗುತ್ತೆ" ಅಂದರಂತೆ. ಮೈಯೆಲ್ಲ ಉರಿದುಹೋಯಿತು.

ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಸ್ಕ್ಯಾನಲ್ಲಿ ಅಂಡಾಶಯದೊಳಗೆ ಕಾಣೋ ಗುಳ್ಳೆಗಳು ಗಡ್ಡೆ ಅಲ್ಲ ಕಣೇ, ಅಂಡ ಬೆಳೆಯೋ ಪುಟ್ಟ ಪುಟ್ಟ ಕೋಶಗಳು. ನಿನ್ನ ವಯಸ್ಸಲ್ಲಿ ಎಷ್ಟೋ ಹುಡುಗಿಯರಿಗೆ ಹೀಗೇ ಕಾಣುತ್ತೆ. ದೊಡ್ಡವಳಾಗಿ 8 ವರ್ಷ ಆಗೋವರೆಗೂ ಸ್ಕ್ಯಾನ್ ನೋಡಿ ಪಿಸಿಓಎಸ್ ಅಂತ ತೀರ್ಮಾನ ಮಾಡಬಾರದು ಅಂತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ನೀನು ದೊಡ್ಡವಳಾಗಿ ಇನ್ನೂ ಎರಡು ವರ್ಷ. ಈಗ ಮುಟ್ಟು 40 ದಿನಕ್ಕೊಮ್ಮೆ ಬಂದರೂ ಗಾಬರಿ ಬೇಡ, 45 ದಾಟಿದರೆ ನೋಡೋಣ. ಇನ್ನು ಮಕ್ಕಳ ವಿಷಯ. ಪಿಸಿಓಎಸ್ ಇದ್ದವರಲ್ಲಿ ಅಂಡ ಹೊರಬರೋದು ತಡವಾಗಬಹುದು, ಅದಕ್ಕೆ ಮಾತ್ರೆ ಇದೆ, ಎಷ್ಟೋ ಜನರಿಗೆ ಮಾತ್ರೆಯೂ ಬೇಕಾಗಲ್ಲ.

ಅವಳ ಮುಖ ಸ್ವಲ್ಪ ಗೆಲುವಾಯಿತು. ಆಮೇಲೆ ಜಡೆ ಮುಂದಕ್ಕೆ ಹಾಕಿಕೊಂಡಳು ನೋಡಿ, ಕತ್ತು ಕಂಡಿತು. ಹಿಂಭಾಗದಲ್ಲಿ ಮಡಿಕೆ ಮಡಿಕೆಯಾಗಿ ಕಪ್ಪು, ಅದರ ಮೇಲೆ ಕೆಂಪಗೆ ತರಚಿದ ಗೀರುಗಳು. ಕೊಳೆ ಅಂದುಕೊಂಡು ಅಕ್ಕ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕುತ್ತಿದ್ದಾಳೆ. ಅದು ಕೊಳೆಯಲ್ಲ. ನನ್ನ ಕತ್ತೂ ಹಾಗೇ ಇತ್ತು. ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳದಿದ್ದಾಗ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಸುತ್ತೆ, ಅದಕ್ಕೇ ಚರ್ಮ ಹೀಗೆ ದಪ್ಪಗೆ ಕಪ್ಪಾಗುತ್ತೆ. ಅದೇ ಇನ್ಸುಲಿನ್ನು ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನು ಹೆಚ್ಚಿಸುತ್ತೆ. ಗದ್ದದಲ್ಲಿ ಕೂದಲು ಬರೋದು ಹಾಗೆ.

ಪುಟ್ಟಿಯ ಗದ್ದದಲ್ಲೂ ನಾಲ್ಕಾರು ಇವೆ. ಹಾಗಾಗಿ ನಿನಗೇನೂ ಇಲ್ಲ ಅಂತ ಹೇಳುವ ಧೈರ್ಯವೂ ನನಗಿಲ್ಲ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟಿರಾನ್ ಅನ್ನೋ ಹಾರ್ಮೋನುಗಳು, ಸಕ್ಕರೆ ಎಲ್ಲ ರಕ್ತ ಪರೀಕ್ಷೆಯಲ್ಲಿ ಒಮ್ಮೆ ನೋಡಿಸಲೇಬೇಕು.

ಕಾಫಿ ಲೋಟ ಹಿಡಿದು ಬಂದ ಅಕ್ಕ, "ಅನ್ನ ಬಿಡಿಸಿದೀನಿ, ರಾತ್ರಿ ಬರೀ ಸೌತೆಕಾಯಿ. ತೂಕ ಇಳಿದ್ರೆ ಎಲ್ಲಾ ಸರಿಹೋಗುತ್ತೆ" ಅಂದಳು. ಬೆಳೆಯೋ ಮಗು ಕಣೇ ಅಕ್ಕ! ತಟ್ಟೇಲಿ ಅನ್ನ ಸ್ವಲ್ಪ ಕಮ್ಮಿ ಮಾಡಿ ಹುಳಿ, ಪಲ್ಯ, ಕಾಳು ಜಾಸ್ತಿ ಹಾಕು, ಸಂಜೆ ಆಡೋಕೆ ಬಿಡು ಅಂದೆ. ಸಣ್ಣಗಿರೋರಿಗೂ ಇದು ಬರುತ್ತೆ ಅಂದಿದ್ದನ್ನು ಅವಳು ನಂಬಲೇ ಇಲ್ಲ.

ಅವರು ಹೋದ ಮೇಲೆ ಸುಸ್ತು. ಊಟ ಆದಮೇಲೆ ಮೆಟ್‌ಫಾರ್ಮಿನ್ ನುಂಗಿದೆ, ದೇಹ ಇನ್ಸುಲಿನ್ ಮಾತು ಕೇಳುವಂತೆ ಮಾಡುವ ಮಾತ್ರೆ ಅದು. ಶುರುವಿನಲ್ಲಿ ಹೊಟ್ಟೆ ತೊಳಸುತ್ತಿತ್ತು, ಈಗ ಅಭ್ಯಾಸವಾಗಿದೆ. ನನಗೂ ಈ ಸಲ ಮುಟ್ಟಾಗಿ ಮೂರು ತಿಂಗಳು ಆಗುತ್ತಾ ಬಂತು. ಹಾಗೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತೆ, ಡಾಕ್ಟರಿಗೆ ಫೋನ್ ಮಾಡಬೇಕು. ಪುಟ್ಟಿಯನ್ನೂ ಜೊತೆಗೇ ಕರೆದುಕೊಂಡು ಹೋಗೋಣವೆಂದರೆ ಅಕ್ಕ ಒಪ್ಪುತ್ತಾಳೋ ಇಲ್ಲವೋ. ಭಾವನ ಹತ್ತಿರವೇ ನೇರವಾಗಿ ಮಾತಾಡಬಹುದು, ಆದರೆ ಮಗಳ ಮುಟ್ಟಿನ ವಿಷಯ ಅಂದರೆ ಅವರು ಎದ್ದು ಆಚೆ ಹೋಗಿಬಿಡುತ್ತಾರೆ.